ದುಡ್ಡು ಕಟ್ಟುವ ಮೊದಲು: ಆನ್‌ಲೈನ್ ಪ್ರಬಂಧ ಬರೆಯುವ ಸೇವೆಗಳನ್ನು ಪರೀಕ್ಷಿಸುವುದು ಹೇಗೆ?

ಆಗಸ್ಟ್ ಹತ್ತಿರ ಬಂತೆಂದರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬ್ರಿಟನ್‌ನಲ್ಲೋ ಐರ್ಲೆಂಡ್‌ನಲ್ಲೋ ಎಂಎಸ್ಸಿ ಮಾಡುತ್ತಿರುವ ನಮ್ಮ ಮಕ್ಕಳು ಯಾವುದೋ ವೆಬ್‌ಸೈಟಿನ ಲಿಂಕ್ ಕಳಿಸಿ, "ಇದನ್ನ ನಂಬಬಹುದಾ?" ಎಂದು ಕೇಳುತ್ತಾರೆ. ಇಲ್ಲೇ ಪಿಎಚ್‌ಡಿ ಮಾಡುತ್ತಿರುವವರೂ ಕೇಳುತ್ತಾರೆ. ಅವರ ಕೈಯಲ್ಲಿ ಲಿಂಕ್ ಬದಲು ಒಂದು ವಾಟ್ಸ್ಆ್ಯಪ್ ನಂಬರ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ನಾನು ಹೇಗೆ ಪರೀಕ್ಷಿಸುತ್ತೇನೆ ಎನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಬೇಕಾಗಿರುವುದು ಜಾಸ್ತಿ ಏನಿಲ್ಲ. ಒಂದು ಗಂಟೆ ಬಿಡುವು, ಇಂಟರ್ನೆಟ್, ನಿಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೈಪಿಡಿ, ಜೊತೆಗೆ ನೀವೇ ಬರೆದ ಒಂದು ಪುಟ. ಇದೆಲ್ಲ ದುಡ್ಡು ಕಟ್ಟುವ ಮೊದಲೇ ಆಗಬೇಕು.

ಹಂತ 1: ನೀವು ಕೊಳ್ಳುತ್ತಿರುವುದು ಏನು ಎಂದು ಮೊದಲು ಗೊತ್ತು ಮಾಡಿಕೊಳ್ಳಿ

"ಪ್ರಬಂಧ ಸೇವೆ" ಎಂಬ ಒಂದೇ ಬೋರ್ಡಿನ ಕೆಳಗೆ ಎರಡು ಬೇರೆ ವ್ಯಾಪಾರ ನಡೆಯುತ್ತವೆ. ಒಂದರಲ್ಲಿ ನೀವು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದುತ್ತಾರೆ. ಕಾಗುಣಿತ ಮತ್ತು ವ್ಯಾಕರಣ ಸರಿಮಾಡುವುದು ಪ್ರೂಫ್ ರೀಡಿಂಗ್. ವಾಕ್ಯ ಎಲ್ಲಿ ತೊಡರುತ್ತದೆ, ವಾದ ಎಲ್ಲಿ ಜಾರುತ್ತದೆ ಎಂದು ತೋರಿಸುವುದು ಎಡಿಟಿಂಗ್. ಥೀಸಿಸ್ ಟೈಪ್ ಮಾಡಿ ಬೈಂಡ್ ಮಾಡಿಕೊಡುವ, ವಿಶ್ವವಿದ್ಯಾಲಯದ ಗೇಟಿನೆದುರಿನ ಡಿಟಿಪಿ ಅಂಗಡಿಯೂ ಇದೇ ಸಾಲಿಗೆ ಸೇರುತ್ತದೆ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಇನ್ನೊಂದು ವ್ಯಾಪಾರದಲ್ಲಿ ಬರೆಯುವವರು ಅವರು, ಹೆಸರು ಮಾತ್ರ ನಿಮ್ಮದು. ಇದನ್ನು ಘೋಸ್ಟ್ ರೈಟಿಂಗ್ ಎನ್ನುತ್ತಾರೆ. ವಿಶ್ವವಿದ್ಯಾಲಯಗಳ ಭಾಷೆಯಲ್ಲಿ ಇದರ ಹೆಸರು ಕಾಂಟ್ರಾಕ್ಟ್ ಚೀಟಿಂಗ್, ಅಂದರೆ ನಿಮ್ಮ ಪರೀಕ್ಷೆಯನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಡುವುದು.

ನೇರವಾಗಿ ಹೇಳಿಬಿಡುತ್ತೇನೆ. ಈ ಎರಡನೆಯ ವ್ಯಾಪಾರದಲ್ಲಿ ನಂಬಬಹುದಾದ ಸೈಟ್ ಅಂತ ಒಂದೂ ಇಲ್ಲ. ಕೆಲವರು ಹೇಳಿದ ದಿನಕ್ಕೆ ಬರೆದು ಕೊಡಬಹುದು, ಚೆನ್ನಾಗಿಯೂ ಬರೆಯಬಹುದು. ಆದರೆ ಕೊಂಡದ್ದನ್ನು ನೀವು ಮುಚ್ಚಿಡಲೇಬೇಕು. ಕೆಲಸ ಕೆಟ್ಟರೆ ಯಾರಿಗೂ ದೂರು ಕೊಡುವ ಹಾಗಿಲ್ಲ. ಇದು ಅವರಿಗೂ ಗೊತ್ತು. ನಿಮ್ಮ ಹೆಸರು, ಕಾಲೇಜು, ಫೋನ್ ನಂಬರ್ ಎಲ್ಲ ಅವರ ಹತ್ತಿರ ಇರುತ್ತದೆ. ಒಂದು ವರ್ಷ ಬಿಟ್ಟು "ಇನ್ನಷ್ಟು ದುಡ್ಡು ಹಾಕಿ, ಇಲ್ಲಾಂದ್ರೆ ನಿಮ್ಮ ಕಾಲೇಜಿಗೆ ಮೇಲ್ ಮಾಡ್ತೀವಿ" ಎಂದರೆ ಏನು ಮಾಡುತ್ತೀರಿ? ಇದು ಸುಮ್ನೆ ಹೆದರಿಸುವ ಮಾತಲ್ಲ. ಆಸ್ಟ್ರೇಲಿಯಾದ ಉನ್ನತ ಶಿಕ್ಷಣ ನಿಯಂತ್ರಣ ಸಂಸ್ಥೆ ಟೆಕ್ಸಾ ಇಂಥ ಬ್ಲ್ಯಾಕ್‌ಮೇಲ್ ಬಗ್ಗೆ ವಿದ್ಯಾರ್ಥಿಗಳನ್ನು ಎಚ್ಚರಿಸಿದೆ.

ಯಾವುದು ಯಾವ ಬಗೆ ಎಂಬ ಅನುಮಾನ ಬಂದರೆ ಒಂದು ಪ್ರಶ್ನೆ ಹಾಕಿಕೊಳ್ಳಿ: "ಇಂಥವರಿಂದ ಈ ಸಹಾಯ ಪಡೆದೆ ಅಂತ ನನ್ನ ಗೈಡ್‌ಗೆ ಹೇಳಬಲ್ಲೆನಾ?" ಹೇಳಬಹುದು ಅನ್ನಿಸಿದರೆ ಮುಂದಿನ ಹಂತಕ್ಕೆ ಬನ್ನಿ. ಹೇಳಲಾರೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

ಹಂತ 2: ನೀವಿರುವ ಕಡೆಯ ನಿಯಮ ಓದಿ

ಇಂಗ್ಲೆಂಡ್‌ನಲ್ಲಿ 2022ರ ಕಾಯ್ದೆಯೊಂದು ವಿದ್ಯಾರ್ಥಿಗಳ ಪರವಾಗಿ ದುಡ್ಡಿಗೆ ಪ್ರಬಂಧ ಬರೆದುಕೊಡುವುದನ್ನು ಅಪರಾಧ ಮಾಡಿದೆ. ಅದರ ಜಾಹೀರಾತೂ ಅಪರಾಧವೇ. ಆಸ್ಟ್ರೇಲಿಯಾದಲ್ಲಿ 2020ರಲ್ಲಿ ಬಂದ ಕಾನೂನಿನಲ್ಲಿ 2 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಐರ್ಲೆಂಡ್ 2019ರಲ್ಲೇ ಇಂಥ ಕಾನೂನು ತಂದಿತು. ಇವೆಲ್ಲ ಗುರಿ ಇಟ್ಟಿರುವುದು ಮಾರುವವರ ಮೇಲೆ. "ಹಾಗಾದರೆ ಕೊಳ್ಳುವ ನನಗೇನು?" ಎಂದು ಕೆಲವರು ಕೇಳುತ್ತಾರೆ. ನಿಮ್ಮ ಮೇಲೆ ಕ್ರಮ ತೆಗೆದುಕೊಳ್ಳುವುದು ವಿಶ್ವವಿದ್ಯಾಲಯ. ವಿಷಯಕ್ಕೆ ಸೊನ್ನೆ ಅಂಕ ಕೊಡುವುದರಿಂದ ಹಿಡಿದು ಕೋರ್ಸಿನಿಂದ ತೆಗೆದುಹಾಕುವವರೆಗೆ ಅದಕ್ಕೆ ಅಧಿಕಾರವಿದೆ. ಬ್ರಿಟನ್‌ನಲ್ಲಿ ಕೋರ್ಸಿನಿಂದ ತೆಗೆದುಹಾಕಿದ ವಿಷಯವನ್ನು ವಿಶ್ವವಿದ್ಯಾಲಯ ವಲಸೆ ಇಲಾಖೆಗೆ ತಿಳಿಸಲೇಬೇಕು. ಅಲ್ಲಿಗೆ ವೀಸಾನೂ ಹೋಗುತ್ತದೆ, ಮನೆ ಅಡವಿಟ್ಟು ತೆಗೆದ ಸಾಲ ಮಾತ್ರ ಉಳಿಯುತ್ತದೆ.

ಭಾರತದಲ್ಲಿ ಥೀಸಿಸ್ ಬರೆಯುವವರಿಗೆ ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮಾವಳಿ ಇದೆ. ಬೇರೆ ಬರಹಗಳ ಜೊತೆ ಹೋಲಿಕೆ 10%ವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40% ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೆ ಹೆಚ್ಚೆಂದರೆ 6 ತಿಂಗಳು ಕೊಡುತ್ತಾರೆ. 40ರಿಂದ 60% ಇದ್ದರೆ ಒಂದು ವರ್ಷ ಸಲ್ಲಿಸುವಂತೆಯೇ ಇಲ್ಲ. 60% ದಾಟಿದರೆ ನೋಂದಣಿಯೇ ರದ್ದು. ಪದವಿ ಕೈಗೆ ಬಂದ ಮೇಲೆ ಗೊತ್ತಾದರೂ ಆ ಪದವಿಯನ್ನು ತಡೆಹಿಡಿಯಬಹುದು. ಥೀಸಿಸ್ ಜೊತೆಗೆ "ಇದು ನನ್ನ ಸ್ವಂತ ಕೆಲಸ" ಎಂದು ನೀವೇ ಸಹಿ ಮಾಡಿದ ಮುಚ್ಚಳಿಕೆಯೂ ಹೋಗಿರುತ್ತದೆ ಎನ್ನುವುದು ನೆನಪಿರಲಿ.

ಇನ್ನು ಕೈಪಿಡಿಯಲ್ಲಿ "ಪ್ರೂಫ್ ರೀಡಿಂಗ್" ಎಂಬ ಶಬ್ದ ಹುಡುಕಿ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಹೊರಗಿನವರು ಕಾಗುಣಿತ ತಿದ್ದಲು ಬಿಡುತ್ತವೆ, ವಿಷಯ ಮುಟ್ಟಲು ಬಿಡುವುದಿಲ್ಲ. ಆ ಗೆರೆ ಎಲ್ಲಿದೆ ಎನ್ನುವುದು ಒಂದೊಂದು ಕಡೆ ಒಂದೊಂದು ಥರ. ಅರ್ಥವಾಗದಿದ್ದರೆ ನಿಮ್ಮ ವಿಭಾಗಕ್ಕೆ ಒಂದು ಮೇಲ್ ಹಾಕಿ ಕೇಳಿ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ.

ಹಂತ 3: ಸೈಟಿನ ಜಾತಕ ತೆಗೆಯಿರಿ

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಸೈಟಿನ ವಯಸ್ಸು ನೋಡುವುದು. ಗೂಗಲ್‌ನಲ್ಲಿ "ಐಕ್ಯಾನ್ ಲುಕಪ್" ಎಂದು ಹುಡುಕಿ, ಅಲ್ಲಿ ಸೈಟಿನ ಹೆಸರು ಹಾಕಿ. ಆ ಹೆಸರು ಯಾವತ್ತು ನೋಂದಣಿ ಆಯಿತು ಎಂಬ ತಾರೀಖು ಬರುತ್ತದೆ. ಮುಖಪುಟದಲ್ಲಿ "15 ವರ್ಷಗಳ ಅನುಭವ" ಎಂದಿದ್ದು ನೋಂದಣಿ ಹೋದ ತಿಂಗಳು ಆಗಿದ್ದರೆ, ಇನ್ನು ನೋಡುವುದಕ್ಕೇನೂ ಉಳಿದಿಲ್ಲ. ಆದರೆ ಹಳೇ ಹೆಸರುಗಳನ್ನು ಕೊಂಡು ಅಂಗಡಿ ತೆರೆಯುವವರೂ ಇದ್ದಾರೆ. ಹಾಗಾಗಿ ಸೈಟ್ ಹಳೆಯದು ಎಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ.

ಆಮೇಲೆ ಕಂಪನಿ ನೋಡಿ. ಬ್ರಿಟನ್ನಿನ ಕಂಪನಿ ಎಂದು ಹೇಳಿಕೊಂಡರೆ ಅಲ್ಲಿನ ಕಂಪನೀಸ್ ಹೌಸ್ ದಾಖಲೆಗಳನ್ನು ಉಚಿತವಾಗಿ ಹುಡುಕಬಹುದು. ಭಾರತದ್ದಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿ ಹೆಸರು ಹಾಕಿ ನೋಡಬಹುದು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಅದು 15 ಅಕ್ಷರಗಳ ನಂಬರ್. ಮೊದಲ ಎರಡು ಅಂಕಿ ರಾಜ್ಯದ ಗುರುತು, ಕರ್ನಾಟಕಕ್ಕೆ 29. "ನಮ್ಮ ಆಫೀಸು ಬೆಂಗಳೂರು" ಎನ್ನುವವರ ನಂಬರ್ ಬೇರೆ ಅಂಕಿಯಿಂದ ಶುರುವಾದರೆ ಯಾಕೆ ಎಂದು ಕೇಳಿ. ಜಿಎಸ್‌ಟಿ ತಾಣದಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಸಣ್ಣ ಮಟ್ಟದಲ್ಲಿ ಪ್ರೂಫ್ ನೋಡುವವರಿಗೆ ಜಿಎಸ್‌ಟಿ ಇಲ್ಲದಿರಬಹುದು, ಅದು ತಪ್ಪೇನಲ್ಲ. ಸುಳ್ಳು ನಂಬರ್ ಹಾಕಿಕೊಂಡಿರುವುದು ತಪ್ಪು.

"ನಮ್ಮ ಬರಹಗಾರರು" ಎಂಬ ಪುಟದಲ್ಲಿ ಕೋಟು ಹಾಕಿದ ನಗುಮುಖದ ಫೋಟೋಗಳಿರುತ್ತವೆ ನೋಡಿ, ಅವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಮುಖ ಹಲ್ಲಿನ ಆಸ್ಪತ್ರೆಯ ಜಾಹೀರಾತಿನಲ್ಲೂ ಸಿಕ್ಕಿದರೆ ಅರ್ಥವಾಯಿತಲ್ವಾ?

ರಿವ್ಯೂಗಳ ವಿಷಯದಲ್ಲಿ ಒಂದೇ ಮಾತು. 5 ಸ್ಟಾರ್ ಮತ್ತು 1 ಸ್ಟಾರ್ ಎರಡನ್ನೂ ಬಿಟ್ಟು, 2 ಮತ್ತು 3 ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ಏನು ಕೊಟ್ಟರು, ಏನು ಬಂತು, ಎಷ್ಟು ತಡವಾಯಿತು ಎಂದು ವಿವರವಾಗಿ ಬರೆಯುವವರು ಅವರೇ.

ಹಂತ 4: ಯಾರೂ ಓದದ ಆ ಪುಟ ಓದಿ

ಸೈಟಿನ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ "ಟರ್ಮ್ಸ್ ಆ್ಯಂಡ್ ಕಂಡಿಷನ್ಸ್" ಎಂದಿರುತ್ತದೆ. ಅದೇ ನಿಮ್ಮ ಒಪ್ಪಂದ. ಅಲ್ಲಿ ಮೂರು ವಿಷಯ ಹುಡುಕಿ.

ಮೊದಲನೆಯದು, "ನಾವು ಕೊಡುವುದು ಮಾದರಿ ಮಾತ್ರ, ಅದನ್ನು ಸಲ್ಲಿಸುವಂತಿಲ್ಲ" ಎಂಬ ಅರ್ಥದ ಸಾಲು. ಮುಖಪುಟದಲ್ಲಿ "ಡಿಸ್ಟಿಂಕ್ಷನ್ ಗ್ಯಾರಂಟಿ", ಒಳಗೆ "ಸಲ್ಲಿಸಬೇಡಿ". ನೀವು ಸಿಕ್ಕಿಬಿದ್ದ ದಿನ ಅವರು ಈ ಸಾಲನ್ನು ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಈ ಸಾಲು ಕಂಡರೆ ಅದು ಎರಡನೆಯ ಬಗೆಯ ವ್ಯಾಪಾರ, ಹೆಸರು ಎಡಿಟಿಂಗ್ ಎಂದಿದ್ದರೂ ಸರಿ.

ಎರಡನೆಯದು ದುಡ್ಡು ವಾಪಸ್ ಕೊಡುವ ನಿಯಮ. "ಗ್ಯಾರಂಟಿ" ಎಂಬ ಶಬ್ದ ನೋಡಿ ಸಮಾಧಾನಪಡಬೇಡಿ. ಎಷ್ಟು ದಿನದೊಳಗೆ ಕೇಳಬೇಕು, ಯಾರು ತೀರ್ಮಾನ ಮಾಡುತ್ತಾರೆ, ದುಡ್ಡು ಖಾತೆಗೆ ಬರುತ್ತದೋ ಇಲ್ಲ ಮುಂದಿನ ಆರ್ಡರ್‌ಗೆ ಕೂಪನ್ ಕೊಡುತ್ತಾರೋ ಎಂದು ನೋಡಿ.

ಮೂರನೆಯದು, ನೀವು ಕಳಿಸಿದ ಬರಹ ಯಾರದ್ದಾಗುತ್ತದೆ ಎಂಬುದು. ಅದನ್ನು ಉಳಿಸಿಕೊಳ್ಳುವ, ಬೇರೆಡೆ ಬಳಸುವ ಹಕ್ಕು ತಮ್ಮದು ಎಂದು ಬರೆದಿದ್ದರೆ ನಿಮ್ಮ ಅಧ್ಯಾಯ ನಾಳೆ ಇನ್ನೊಬ್ಬರ ಕೈಗೆ ಹೋಗಬಹುದು.

ಹಂತ 5: ಮಾತಾಡಿಸಿ ನೋಡಿ

ಚಾಟ್ ತೆರೆದು ಹೀಗೆ ಕೇಳಿ: "ನಾನು ಎರಡನೇ ಅಧ್ಯಾಯ ಬರೆದಿಲ್ಲ. ನೀವೇ ಬರೆದು ಕೊಡ್ತೀರಾ?"

ಸರಿಯಾದ ಎಡಿಟರ್ ಆಗಿದ್ದರೆ "ಇಲ್ಲ, ನೀವು ಬರೆದು ಕಳಿಸಿ, ನಾನು ನೋಡುತ್ತೇನೆ" ಎನ್ನುತ್ತಾರೆ. ಈ "ಇಲ್ಲ" ಎಂಬ ಉತ್ತರ ಬಂದರೆ ನನಗೆ ಅರ್ಧ ನಂಬಿಕೆ ಬಂದಂತೆ. ಅದರ ಬದಲು ನಿಮಿಷದಲ್ಲಿ "ಖಂಡಿತ! ಎಷ್ಟು ಪದ, ಯಾವತ್ತಿಗೆ ಬೇಕು? ಇವತ್ತೇ ಕಟ್ಟಿದರೆ ರಿಯಾಯಿತಿ ಇದೆ" ಎಂದು ಬಂದರೆ ಚಾಟ್ ಮುಚ್ಚಿ.

ಇನ್ನೊಂದು ಪ್ರಶ್ನೆ: "ನನ್ನ ಬರಹ ತಿದ್ದುವವರು ಯಾರು? ಅವರ ಜೊತೆ ಐದು ನಿಮಿಷ ಮಾತಾಡಬಹುದಾ?" ನೀವು ನರ್ಸಿಂಗ್ ಓದುತ್ತಿದ್ದರೆ ನರ್ಸಿಂಗ್ ಗೊತ್ತಿರುವವರು ಬೇಕು, ಕಾನೂನಿನವರಿಗೆ ಕಾನೂನು ಬಲ್ಲವರು ಬೇಕು. ಹೆಸರು ಹೇಳಲು ಹಿಂದೆಮುಂದೆ ನೋಡುವವರ ಕೈಗೆ ನಿಮ್ಮ ಒಂದು ವರ್ಷದ ಕೆಲಸ ಕೊಡಬೇಡಿ.

ಎಚ್ಚರ: ಯಾವ ಕಾರಣಕ್ಕೂ ನಿಮ್ಮ ವಿದ್ಯಾರ್ಥಿ ಪೋರ್ಟಲ್‌ನ ಪಾಸ್‌ವರ್ಡ್ ಕೊಡಬೇಡಿ. "ನಾವೇ ನೇರವಾಗಿ ಅಪ್‌ಲೋಡ್ ಮಾಡ್ತೀವಿ, ನಿಮಗ್ಯಾಕೆ ತೊಂದರೆ" ಎಂದು ಬಹಳ ಪ್ರೀತಿಯಿಂದ ಕೇಳುತ್ತಾರೆ. ಅದರೊಳಗೆ ನಿಮ್ಮ ವಿಳಾಸ, ಅಂಕಗಳು, ಮೇಲ್ ಎಲ್ಲ ಇರುತ್ತವೆ.

ಹಂತ 6: ಒಂದು ಪುಟ ಕೊಟ್ಟು ನೋಡಿ

ಇಲ್ಲಿಯವರೆಗೆ ಪಾಸಾದವರಿಗೆ ಪೂರ್ತಿ ಕೆಲಸ ಕೊಡಬೇಡಿ. ನೀವು ಬರೆದ ಒಂದು ಪುಟ ಮಾತ್ರ ಕೊಡಿ, ಅದಕ್ಕೆ ಎಷ್ಟಾಗುತ್ತದೋ ಅಷ್ಟೇ ಕಟ್ಟಿ. ವರ್ಡ್‌ನಲ್ಲಿ "ಟ್ರ್ಯಾಕ್ ಚೇಂಜಸ್" ಹಾಕಿ ಕಳಿಸಲು ಹೇಳಿ. ಹಾಗೆ ಮಾಡಿದರೆ ಅವರು ಅಳಿಸಿದ್ದು, ಸೇರಿಸಿದ್ದು ಎಲ್ಲ ಬಣ್ಣದಲ್ಲಿ ಕಾಣುತ್ತದೆ. ಒಳ್ಳೆಯ ಕೈ ಹೇಗಿರುತ್ತದೆ ಗೊತ್ತಾ? ಅಲ್ಲಲ್ಲಿ ಒಂದು ಅಕ್ಷರ, ಒಂದು ಅಲ್ಪವಿರಾಮ ಬದಲಾಗಿರುತ್ತದೆ. ಅಂಚಿನಲ್ಲಿ "ಇಲ್ಲಿ ನೀವು ಹೇಳಬೇಕೆಂದಿದ್ದು ಇದೇನಾ?" ಎಂಬ ಪ್ರಶ್ನೆ ಇರುತ್ತದೆ. ಇಡೀ ಪ್ಯಾರಾ ಕೆಂಪಾಗಿ ಹೊಸದೊಂದು ಪ್ಯಾರಾ ಕೂತಿದ್ದರೆ ಅದು ತಿದ್ದಿದ್ದಲ್ಲ, ಬರೆದದ್ದು.

ಉಲ್ಲೇಖಗಳಲ್ಲಿ ಅವರು ಏನಾದರೂ ಸೇರಿಸಿದ್ದರೆ ಒಂದನ್ನೂ ಬಿಡದೆ ನೋಡಿ. ಈಗಿನ ಬಹುತೇಕ ಸಂಶೋಧನಾ ಲೇಖನಗಳಿಗೆ ಡಿಒಐ ಎಂಬ ನಂಬರ್ ಇರುತ್ತದೆ. ಅದು ಲೇಖನದ ಖಾಯಂ ವಿಳಾಸವಿದ್ದಂತೆ. ಡಿಒಐ ಡಾಟ್ ಆರ್ಗ್ ತಾಣದಲ್ಲಿ ಆ ನಂಬರ್ ಹಾಕಿದರೆ ಲೇಖನ ತೆರೆಯಬೇಕು. ಹೋದ ವರ್ಷ ಒಬ್ಬ ಹುಡುಗಿ ತನಗೆ ಬಂದ ಸ್ಯಾಂಪಲ್ ತೋರಿಸಿದಳು. 12 ಉಲ್ಲೇಖಗಳಿದ್ದವು. ಇಬ್ಬರೂ ಕೂತು ಒಂದೊಂದೇ ಹುಡುಕಿದೆವು. ಐದು ಎಲ್ಲೂ ಸಿಗಲಿಲ್ಲ. ಪತ್ರಿಕೆ ನಿಜ, ಸಂಪುಟ ನಿಜ, ಲೇಖಕರೂ ನಿಜವಾದ ಮನುಷ್ಯರೇ, ಆ ಲೇಖನ ಮಾತ್ರ ಇಲ್ಲ. ಆ ಪುಟಸಂಖ್ಯೆಯಲ್ಲಿ ಬೇರೆ ಯಾರದೋ ಬರಹ ಇತ್ತು. ಚಾಟ್‌ಜಿಪಿಟಿಯಂಥ ಎಐ ಉಪಕರಣದಿಂದ ಬರೆಸಿ, ಪರೀಕ್ಷಿಸದೆ ಮಾರಿದಾಗ ಹೀಗೇ ಆಗುತ್ತದೆ. ಮೌಲ್ಯಮಾಪಕರು ಒಂದು ಉಲ್ಲೇಖ ತೆರೆದು ನೋಡಿದರೂ ಸಾಕು, ಉತ್ತರ ಕೊಡಬೇಕಾದವರು ನೀವು.

ಹಂತ 7: "ಟರ್ನಿಟಿನ್ ರಿಪೋರ್ಟ್ ಫ್ರೀ" ಎಂದರೆ ಮರುಳಾಗಬೇಡಿ

ಟರ್ನಿಟಿನ್ ಎಂದರೆ ಬರಹಗಳ ಹೋಲಿಕೆ ಹುಡುಕುವ ಸಾಫ್ಟ್‌ವೇರ್. ಅದು ಕೊಡುವ ಸಿಮಿಲಾರಿಟಿ ರಿಪೋರ್ಟ್ ಎಂದರೆ ನಿಮ್ಮ ಬರಹದ ಎಷ್ಟು ಭಾಗ ಈಗಾಗಲೇ ಬೇರೆ ಕಡೆ ಇರುವ ಬರಹಗಳ ಜೊತೆ ಹೊಂದುತ್ತದೆ ಎಂಬ ಲೆಕ್ಕ. ಹೊಂದಿಕೆಯಾದದ್ದೆಲ್ಲ ಕೃತಿಚೌರ್ಯವಲ್ಲ. ಹಾಗೆಯೇ 2% ಬಂದ ಮಾತ್ರಕ್ಕೆ ನೀವೇ ಬರೆದದ್ದು ಎಂದೂ ಆಗುವುದಿಲ್ಲ. ದುಡ್ಡು ಕೊಟ್ಟು ಹೊಸದಾಗಿ ಬರೆಸಿದ ಪ್ರಬಂಧದಲ್ಲಿ ಹೋಲಿಕೆ ಕಡಿಮೆಯೇ ಇರುತ್ತದೆ. ಅದನ್ನು ಹಿಡಿಯುವ ದಾರಿಗಳು ಬೇರೆ. ಹಿಂದಿನ ಬರಹಗಳಿಗೂ ಇದಕ್ಕೂ ಶೈಲಿ ತಾಳೆಯಾಗದಿರುವುದು, ಫೈಲಿನ ಒಳವಿವರಗಳಲ್ಲಿ ಬೇರೆಯವರ ಹೆಸರಿರುವುದು, ಕೊನೆಗೆ ವೈವಾದಲ್ಲಿ "ಈ ವಿಧಾನ ಯಾಕೆ ಆರಿಸಿದ್ರಿ?" ಎಂಬ ಸರಳ ಪ್ರಶ್ನೆ.

ಇಲ್ಲಿ ತುಂಬಾ ಜನ ಬೀಳುವ ಹಳ್ಳವೊಂದಿದೆ. ಟರ್ನಿಟಿನ್ ಕಂಪನಿ ಆ ಸೇವೆಯನ್ನು ಮುಖ್ಯವಾಗಿ ಮಾರುವುದು ಸಂಸ್ಥೆಗಳಿಗೆ. ಹೊರಗಿನ ಅಂಗಡಿಯವರು ರಿಪೋರ್ಟ್ ಕೊಡುತ್ತಾರೆಂದರೆ ಯಾವುದೋ ಸಂಸ್ಥೆಯ ಖಾತೆ ಬಳಸುತ್ತಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ನಿಮ್ಮ ಥೀಸಿಸ್ ಹಾಕಿದಾಗ ಅದು ಟರ್ನಿಟಿನ್‌ನ ಭಂಡಾರದಲ್ಲಿ ಉಳಿದುಬಿಟ್ಟರೆ, ನಾಳೆ ನಿಮ್ಮ ವಿಶ್ವವಿದ್ಯಾಲಯ ಪರೀಕ್ಷಿಸಿದಾಗ ಹೋಲಿಕೆ 100%ವರೆಗೂ ಬರಬಹುದು. ನಿಮ್ಮದೇ ಬರಹ, ನಿಮ್ಮ ಮೇಲೆಯೇ ಸಾಕ್ಷಿ! ಇದನ್ನು ತಪ್ಪಿಸಲು ನೇರ ದಾರಿ ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯ. ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರಿಂದ "ಶೋಧಶುದ್ಧಿ" ಯೋಜನೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಇಂಥ ಸಾಫ್ಟ್‌ವೇರ್ ಒದಗಿಸುತ್ತಿದೆ. ಗ್ರಂಥಪಾಲಕರನ್ನು ಕೇಳಿ. ಕರಡು ಪರೀಕ್ಷಿಸುವಾಗ ಭಂಡಾರಕ್ಕೆ ಸೇರಿಸಬೇಡಿ ಎಂದೂ ಹೇಳಿ.

ಕನ್ನಡದಲ್ಲಿ ಥೀಸಿಸ್ ಬರೆಯುವವರಿಗೆ ಒಂದು ಮಾತು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದರೆ ಅದು ಸಾಫ್ಟ್‌ವೇರ್‌ಗೆ ಕನ್ನಡವಾಗಿ ಕಾಣುವುದೇ ಇಲ್ಲ, ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಸೊನ್ನೆ ಪರ್ಸೆಂಟ್ ಬಂತು ಎಂದು ಅಂಗಡಿಯವರು ತೋರಿಸಿದರೆ ಖುಷಿಪಡಬೇಡಿ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಪರೀಕ್ಷಿಸಿ. ಅಂಗೀಕಾರವಾದ ಥೀಸಿಸ್ ಶೋಧಗಂಗಾ ತಾಣಕ್ಕೆ ಹೋಗುತ್ತದೆ, ಯಾರು ಬೇಕಾದರೂ ಎಷ್ಟು ವರ್ಷ ಬಿಟ್ಟಾದರೂ ತೆರೆದು ನೋಡಬಹುದು.

ಹಂತ 8: ದುಡ್ಡು ಕೊಡುವಾಗ

ಪೂರ್ತಿ ಮುಂಗಡ ಬೇಡ. ಅಧ್ಯಾಯ ಮುಗಿದ ಹಾಗೆ ಕೊಡುತ್ತಾ ಹೋಗಿ. ಯುಪಿಐ ಮಾಡುವಾಗ ಪರದೆಯ ಮೇಲೆ ಬರುವ ಹೆಸರು ಕಂಪನಿಯದ್ದಾ, ಇಲ್ಲ ಸಂಬಂಧವೇ ಇಲ್ಲದ ಯಾರದೋ ಹೆಸರಾ, ನೋಡಿ. ಕ್ರೆಡಿಟ್ ಕಾರ್ಡ್ ಇದ್ದರೆ ಅದರಲ್ಲೇ ಕಟ್ಟಿ. ಸೇವೆ ಸಿಗದಿದ್ದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕೇಳಬಹುದು, ಅಂದರೆ ಕಟ್ಟಿದ್ದನ್ನು ಹಿಂದಕ್ಕೆ ತರಿಸಲು ಅರ್ಜಿ ಹಾಕಬಹುದು. "ರೀಫಂಡ್ ಬರಬೇಕಾದರೆ ಪಿನ್ ಒತ್ತಿ" ಎಂದರೆ ಒತ್ತಬೇಡಿ. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಬಿಲ್ ತಪ್ಪದೆ ತೆಗೆದುಕೊಳ್ಳಿ. ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ಇದನ್ನು ಓದುವವರಲ್ಲಿ ಕೆಲವರು ಆಗಲೇ ದುಡ್ಡು ಕಟ್ಟಿರುತ್ತೀರಿ, ಕೆಲವರಿಗೆ ಬೆದರಿಕೆಯ ಮೆಸೇಜೂ ಬಂದಿರುತ್ತದೆ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಊರು ಬಿಟ್ಟು, ರಾತ್ರಿ ಪಾಳಿ ಕೆಲಸ ಮಾಡಿಕೊಂಡು, ಕೊಠಡಿಯಲ್ಲಿ ಒಬ್ಬರೇ ಕೂತು ಡೆಡ್‌ಲೈನ್ ನೋಡುವ ಕಷ್ಟ ಎಂಥದ್ದು ಎಂದು ಗೊತ್ತು.

ಕೊಂಡದ್ದನ್ನು ಇನ್ನೂ ಸಲ್ಲಿಸಿಲ್ಲವಾದರೆ ಸಲ್ಲಿಸಬೇಡಿ. ಹೋದ ದುಡ್ಡು ಹೋಗಲಿ. ಅದರ ಬದಲು ಗಡುವು ಮುಂದೂಡಲು ಅರ್ಜಿ ಹಾಕಿ. ಕಾಯಿಲೆ, ಮನೆಯಲ್ಲಿ ಸಾವು ಅಥವಾ ಮನಸ್ಸಿನ ತೊಂದರೆ ಇದ್ದರೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆಂದೇ "ಮಿಟಿಗೇಟಿಂಗ್ ಸರ್ಕಮ್‌ಸ್ಟಾನ್ಸಸ್" ಅಥವಾ ಅಂಥದ್ದೇ ಹೆಸರಿನ ಫಾರಂ ಇರುತ್ತದೆ. ಗಡುವಿಗೆ ಮೊದಲೇ ತುಂಬಿ. ಉಚಿತವಾಗಿ ಬರವಣಿಗೆ ಕಲಿಸುವ ರೈಟಿಂಗ್ ಸೆಂಟರ್‌ಗಳೂ ಅಲ್ಲಿನ ಹಲವು ಕಡೆ ಇವೆ, ನಮ್ಮ ಮಕ್ಕಳು ಆ ಬಾಗಿಲನ್ನು ತಟ್ಟುವುದೇ ಕಡಿಮೆ.

ಬೆದರಿಕೆ ಬಂದಿದ್ದರೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್, ಪಾವತಿಯ ರಸೀದಿ, ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಪಾಸ್‌ವರ್ಡ್ ಕೊಟ್ಟಿದ್ದರೆ ಈ ಕ್ಷಣವೇ ಬದಲಾಯಿಸಿ. ಭಾರತದಲ್ಲಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ. ಹೊರದೇಶದಲ್ಲಿದ್ದರೆ ಮೊದಲು ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋಗಿ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಈ ಕೇಂದ್ರಗಳು ವಿಶ್ವವಿದ್ಯಾಲಯದ ಆಡಳಿತದಿಂದ ಬೇರೆಯಾಗಿ ಕೆಲಸ ಮಾಡುತ್ತವೆ. ವಿಶ್ವವಿದ್ಯಾಲಯಕ್ಕೆ ಹೇಗೆ ಹೇಳಬೇಕು, ವಿಚಾರಣೆಗೆ ಕರೆದರೆ ಜೊತೆಗೆ ಯಾರು ಬರಬಹುದು ಎಂದು ಅವರು ಹೇಳಿಕೊಡುತ್ತಾರೆ. ಮನೆಯವರಿಗೆ ಹೇಗೆ ಹೇಳಲಿ ಎಂದು ಕೂತು ದಿನ ಕಳೆಯಬೇಡಿ. ನಾಳೆ ಬೆಳಗ್ಗೆ ಆ ಕೇಂದ್ರ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಈಗಲೇ ನೋಡಿಕೊಳ್ಳಿ.